ಹಗೇವಿನ ವೈನು, ಮನೆಯ ಸಾರು

ಚಳ್ಳಕೆರೆಯಲ್ಲಿ ಮೂವತ್ತು ವರ್ಷ ಶೇಂಗಾ ಎಣ್ಣೆ ವ್ಯಾಪಾರ ಮಾಡಿದವನು ನಾನು. ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದರೆ ಎಣ್ಣೆಯ ಜಾತಕವನ್ನೇ ಹೇಳುತ್ತೇನೆ. ಈ ಮೂಗು, ನಾಲಿಗೆಗಳ ಜಂಬದಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಅದರಲ್ಲಿ ಒಂದು ಮುಗಿಯಲು ಎಂಟು ವರ್ಷ ಹಿಡಿಯಿತು.

ಎರಡು ಬಾಟಲಿ

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯೊಬ್ಬ ನನ್ನ ಹಳೆಯ ಗೆಳೆಯ. ವ್ಯಾಪಾರವೆಲ್ಲ ಕನ್ನಡದಲ್ಲಿ ಮಾಡುತ್ತಾನೆ, ನಿಜ ಹೇಳುವಾಗ ಮಾತ್ರ ತೆಲುಗಿಗೆ ಹೊರಳುತ್ತಾನೆ. ಒಮ್ಮೆ ಸೀರೆ ಮಾರಲು ದೊಡ್ಡ ಊರಿಗೆ ಹೋದವನು, ಅಲ್ಲಿನ ವೈನಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದೆಂದು ಕೇಳಿ ಎರಡು ಬಾಟಲಿ ಕೆಂಪು ವೈನು ತಂದ. ನನ್ನ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಒಂದನ್ನು ತೆರೆದೆವು. ಎಳೆ ನೆಲ್ಲಿಕಾಯಿ ಜಗಿದ ಹಾಗೆ ಬಾಯೆಲ್ಲ ಒಗರು. ಇನ್ನೊಂದನ್ನು ಚರಂಡಿಗೆ ಸುರಿ ಅಂದ. ನಾನು ಅಭ್ಯಾಸಬಲದಿಂದ ಅಂಗೈಗೆ ಒಂದು ಹನಿ ಹಾಕಿ ಉಜ್ಜಿ ಮೂಸಿ, ಸರಕು ಒಳ್ಳೆಯದೇ, ಎಳಸು ಅಷ್ಟೆ, ಎಂಟು ವರ್ಷ ತಂಪಿನಲ್ಲಿಟ್ಟರೆ ಮಾಗುತ್ತದೆ ಎಂದು ತೀರ್ಪು ಕೊಟ್ಟೆ. ಎಂಟೇ ಯಾಕೆ ಅಂತ ಕೇಳಿದ. ಬಾಯಿಗೆ ಬಂದದ್ದು ಅದು.

ವಿಷಯ ಮನೆಯವಳಿಗೆ ಗೊತ್ತಾಯಿತು. ನಮ್ಮದು ಲಿಂಗಪೂಜೆಯ ಮನೆ, ರೇಗುತ್ತಾಳೆ ಅಂದುಕೊಂಡೆ. ರೇಗಲಿಲ್ಲ. ದಿನಾ ನನ್ನ ಸಾರಿನಲ್ಲಿ ತಪ್ಪು ಹುಡುಕುವ ನಾಲಿಗೆ ತಾನೆ ಇದು, ನೋಡಿಯೇಬಿಡೋಣ ಅಂದಳು. ಅವಳ ಷರತ್ತು ಇಷ್ಟು: ಬಾಟಲಿ ಹೊಸ್ತಿಲು ದಾಟಕೂಡದು. ಎಂಟು ವರ್ಷಕ್ಕೂ ಅದು ಮಾಗದಿದ್ದರೆ, ನಾನು ಜೀವ ಇರುವ ತನಕ ಬಡಿಸಿದ್ದನ್ನು ತುಟಿಪಿಟಿಕ್ಕೆನ್ನದೆ ಉಣ್ಣಬೇಕು. ಒಪ್ಪಿದೆ. ಅವತ್ತು ಸಾರಿಗೆ ಹುಳಿ ಜಾಸ್ತಿಯಾಗಿತ್ತು, ಅದನ್ನೂ ಹೇಳಿದೆ.

ಔಷಧಿ

ನಮ್ಮ ಹಿತ್ತಲಲ್ಲಿ ಅಜ್ಜನ ಕಾಲದ ಹಗೇವು ಇದೆ, ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದಕ್ಕೆ ಇಳಿಯುವವನು ಗೌರಸಮುದ್ರದ ಕಡೆಯ ಒಬ್ಬ ಕುರಿಗಾಹಿ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹಗೇವಿನ ಬಾಯಿ ತೆರೆದು ಅರ್ಧ ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ತಾನು ಇಳಿಯುತ್ತಾನೆ. ಅವನ ಕೈಗೆ ಬಾಟಲಿ ಕೊಟ್ಟು, ಔಷಧಿ ಇದು, ತಳದಲ್ಲಿ ಮಲಗಿಸು ಅಂದೆ. ಹುಳ ಹಿಡಿಯಬಾರದೆಂದು ಅವನು ಬಿತ್ತನೆ ಜೋಳಕ್ಕೆ ಮಾಡುವಂತೆ ಅದಕ್ಕೂ ಬೂದಿ ಸವರಿ ಬೇವಿನ ಸೊಪ್ಪು ಸುತ್ತಿದ.

ಪ್ರತಿ ವರ್ಷ ಜೋಳ ತೆಗೆಯಲು ಇಳಿದವನು ಮೇಲೆ ಬಂದು ನನ್ನ ಮುಖವನ್ನೇ ನೋಡುತ್ತಿದ್ದ. ಆರನೇ ವರ್ಷ ತಡೆಯಲಾರದೆ ಕೇಳಿಬಿಟ್ಟ: "ಔಷಧಿ ಹಂಗೇ ಐತೆ ಸಾಮಿ. ಕಾಯಿಲೆಯೋರು ಇನ್ನೂ ಅವ್ರಾ, ಹೋದ್ರಾ?"

ಬಣ್ಣ ಪರೀಕ್ಷೆ

ಈ ಸಲ ಎಂಟು ವರ್ಷ ತುಂಬಿತು. ಕುರಿಗಾಹಿ ಇಳಿದು ಬಾಟಲಿ ಮೇಲೆ ತಂದುಕೊಟ್ಟ. ಗೆಳೆಯ ಬಂದ. ಹಿತ್ತಲ ಬೇವಿನ ಕೆಳಗೆ ಕೂತು, ಬೂಚು ಹೊರಗೆ ಬಾರದ್ದಕ್ಕೆ ಒಳಗೇ ತಳ್ಳಿದೆವು. ನಾನು ಅಂಗೈಯಲ್ಲಿ ಉಜ್ಜಿ ಮೂಸಿದೆ. ಅವನು ಸೀರೆ ವ್ಯಾಪಾರಿ ತಾನೆ, ಬಣ್ಣ ಗಟ್ಟಿಯೋ ಅಲ್ಲವೋ ಮೊದಲು ನೋಡಬೇಕು ಅಂತ ಉಟ್ಟ ಬಿಳಿ ಪಂಚೆಗೇ ಎರಡು ಹನಿ ಬಿಟ್ಟು, ನೀರು ಹಾಕಿ ತಿಕ್ಕಿದ. ಹೋಗಲಿಲ್ಲ. ಇಂಥ ಗಟ್ಟಿ ಬಣ್ಣ ನಮ್ಮ ಮಗ್ಗದ ಮೇಲೂ ಬರಲ್ಲ ಕಣಲೇ ಅಂತ ಖುಷಿಪಟ್ಟ. ಆಮೇಲೆ ನೆನಪಾಯಿತು, ಅದೇ ಪಂಚೆಯಲ್ಲಿ ಅವನು ಸಂಜೆ ರಾಂಪುರದ ಬೀಗರ ಮನೆಗೆ ಹೋಗಬೇಕಿತ್ತು.

ತೀರ್ಪು

ಸ್ಟೀಲ್ ಲೋಟಕ್ಕೆ ಸುರಿದುಕೊಂಡೆವು. ಮುಂದಿನ ನನ್ನ ಊಟಗಳೆಲ್ಲ ಆ ಲೋಟದಲ್ಲಿದ್ದವು. ಒಂದು ಗುಟುಕು ಕುಡಿದೆ. ಒಗರು ಎಲ್ಲೋ ಹೋಗಿತ್ತು. ಒಣದ್ರಾಕ್ಷಿಯ, ಹಳೆ ಬೆಲ್ಲದ ರುಚಿ ನಿಧಾನವಾಗಿ ಬಂತು, ನಯವಾಗಿ ಗಂಟಲಿಗಿಳಿಯಿತು. ಗೆಳೆಯ ಕಣ್ಣು ಮುಚ್ಚಿ "ಬಾಗುಂದಿ" ಅಂದ, ಸೊಗಸಾಗಿದೆ ಅಂತ. ತೆಲುಗಿನಲ್ಲಿ ಅಂದನಲ್ಲ, ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಆದರೆ ಕೊನೆಯ ಮಾತು ಮನೆಯವಳದು. ಹೊಸ್ತಿಲಲ್ಲೇ ನಿಂತಿದ್ದಳು. ಲೋಟ ಒಯ್ದು ಹಿಡಿದೆ. ಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಚೆನ್ನಾಗಿದೆ ಅಂತ ಒಪ್ಪಿಕೊಂಡಳು. ನಾನು ಮೀಸೆ ತಿರುವಿ, ಇನ್ನು ಸಾರಿನ ವಿಷಯ ಏನು ಬೇಕಾದರೂ ಹೇಳಬಹುದಲ್ಲ ಅಂದೆ.

"ಹೇಳ್ರಿ, ಯಾರು ಬ್ಯಾಡ ಅಂದ್ರು. ಈ ಅಗ್ಗದ ನೀರಿಗೆ ಎಂಟು ವರ್ಷ ಒಂದು ಮಾತೂ ಅನ್ನದೆ ಕಾದ್ರಿ, ಅದಕ್ಕೇ ರುಚಿ ಬಂದೈತೆ. ನನ್ನ ಸಾರು ಒಲೆಯಿಂದ ಇಳಿಯೋ ತನಕ ಆದ್ರೂ ಯಾವತ್ತಾದ್ರೂ ಕಾದಿದೀರಾ?"

ಅವತ್ತಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಗೆದ್ದವನು ನಾನು, ಎರಡು ಸಲ ಹಾಕಿಸಿಕೊಂಡು ಉಂಡೆ.