ಒಬ್ಬರಿಗೆ ಒಲೆ ಹಚ್ಚುವುದಿಲ್ಲ

ಡೇಜಾನ್ ನಗರದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದ ಗ್ವಾಕ್ ಇನ್‌ಸು ಎಷ್ಟು ಒಂಟಿಯೆಂದರೆ, ಅವನ ನೆರಳು ಕೂಡ ಬೇಸತ್ತು ಬೇರೊಬ್ಬ ಹುಡುಗನ ಹಿಂದೆ ಹೊರಟುಹೋಗಿತ್ತು. ಕಣ್ಣಾರೆ ಕಂಡವನು ನಾನು.

ಅವತ್ತು ಮಧ್ಯಾಹ್ನ ಅವನಿಗೆ ಕೆಂಡದ ಮೇಲೆ ಸುಟ್ಟ ಹಂದಿಮಾಂಸದ ಆಸೆ ಹುಟ್ಟಿತು. ಕಾಲೇಜು ಗೇಟಿನೆದುರಿನ ಹೋಟೆಲಿನ ಅಮ್ಮ ತಲೆಯೆತ್ತಲಿಲ್ಲ.

"ಎಷ್ಟು ಜನ?"

"ಒಬ್ನೇ."

"ಒಬ್ರಿಗೆ ಅಂತ ಮೇಜಿನ ಒಲೆ ಹಚ್ಚಲ್ಲಪ್ಪ. ಕಮ್ಮೀಂದ್ರೆ ಇಬ್ರು ಬೇಕು. ಹೋಗು, ಯಾರನ್ನಾದ್ರೂ ಕರ್ಕೊಂಡ್ ಬಾ."

ಯಾರನ್ನು? ಎರಡು ವರ್ಷದಲ್ಲಿ ಸಹಪಾಠಿಗಳು ಅವನೊಡನೆ ಆಡಿದ್ದ ಅತಿ ದೀರ್ಘ ಮಾತು "ಸ್ವಲ್ಪ ಸರೀತೀಯಾ."

ಬಾಗಿಲಲ್ಲೇ ಒಕ್ ಸೊನ್‌ಮಿ ಸಿಕ್ಕಿದಳು. ಫಿಸಿಕ್ಸ್ ವಿಭಾಗದ ಸೀನಿಯರ್. ಜನರಿಲ್ಲದ ತನ್ನ ವಿಭಾಗಕ್ಕೆ ಮೀನು ಹಿಡಿಯುವವಳಂತೆ ಬಲೆ ಬೀಸುತ್ತ ನಿಂತಿದ್ದಳು.

"ಡಬಲ್ ಮೇಜರ್ ಮಾಡೋ ತಮ್ಮಾ. ಎಂಜಿನಿಯರಿಂಗ್ ಜೊತೆ ಫಿಸಿಕ್ಸು. ಅರ್ಜಿಗೆ ಇವತ್ತೇ ಕೊನೆ. ಸಂಜೆ ಹೊಸಬ್ರಿಗೆಲ್ಲ ಇಲ್ಲೇ ಊಟ."

"ಫಿಸಿಕ್ಸ್ ಅಂದ್ರೆ ನಂಗೆ ಜ್ವರ ಬರುತ್ತಕ್ಕ."

"ನಮ್ಗೂ ಬರುತ್ತೆ. ಎಲ್ರೂ ಒಟ್ಟಿಗೆ ಕೂತು ನರಳ್ತೀವಿ."

'ಒಟ್ಟಿಗೆ' ಎಂಬ ಮಾತು ಇನ್‌ಸುವಿನ ಎದೆಯಲ್ಲಿ ಬಿಸಿ ಸಾರಿನಂತೆ ಇಳಿಯಿತು.

ಹಾಸ್ಟೆಲಿನ ಚೂ ಅಣ್ಣ ಕೇಳದೆಯೇ ಬುದ್ಧಿ ಹೇಳಿದ: "ಲೋ, ಒಂದು ದೋಣೀಲೇ ನೆಟ್ಟಗೆ ನಿಲ್ಲಕ್ಕೆ ಬರ್ದೋನು ಎರಡರಲ್ಲಿ ಕಾಲಿಡ್ತೀಯಾ? ಒಂದು ವರ್ಷ ಜಾಸ್ತಿ ಕೊಳೀಬೇಕು, ಗೊತ್ತಾ?"

ಸರಿ, ಬೇಡ ಎಂದುಕೊಂಡ. ಅಷ್ಟರಲ್ಲಿ ಊರಿಂದ ಅಮ್ಮನ ಫೋನು.

"ಊಟ ಆಯ್ತಾ ಮಗಾ? ಯಾರ್ ಜೊತೆ ಮಾಡ್ದೆ?"

ಇನ್‌ಸು ಫೋನಿಟ್ಟವನೇ ಅರ್ಜಿಯ ಗುಂಡಿ ಒತ್ತಿಬಿಟ್ಟ.

ಸಂಜೆ ಹೋಟೆಲಿಗೆ ಹೋದಾಗ ಮೈಮೇಲೆ ಮೆಕ್ಯಾನಿಕಲ್ ವಿಭಾಗದ ಹೆಸರು ಹೊತ್ತ ಜಾಕೆಟ್ಟಿತ್ತು. ಫಿಸಿಕ್ಸ್‌ನವರ ಊಟಕ್ಕೆ ಅದು ಮರ್ಯಾದೆಯಲ್ಲವೆಂದು ಬಿಚ್ಚಿ, ಬಟ್ಟೆಗೆ ಹೊಗೆ ಹಿಡಿಯದಂತೆ ಒಳಗಿಡಲೆಂದೇ ಮಾಡಿದ ಡಬ್ಬಿಯಂಥ ಸ್ಟೂಲಿನ ಮುಚ್ಚಳ ತೆಗೆದು ಒಳಗೆ ತುರುಕಲು ಹೋದ. ಸ್ಟೂಲು ತುಂಬ ಆಗಲೇ ಜಾಕೆಟ್ಟುಗಳು. ಎಲ್ಲವೂ ಮೆಕ್ಯಾನಿಕಲ್.

ತಲೆಯೆತ್ತಿದ. ಒಲೆಯ ಸುತ್ತ ಕೂತಿದ್ದ ಕತ್ತುಗಳೆಲ್ಲ ಅವನು ಎರಡು ವರ್ಷ ಕೊನೆಯ ಬೆಂಚಿನಿಂದ ನೋಡಿದ್ದ ಕತ್ತುಗಳೇ. ಸೊನ್‌ಮಿಯ ಬಲೆಗೆ ಅವನ ಇಡೀ ತರಗತಿಯೇ ಬಿದ್ದಿತ್ತು.

ಪ್ರತಿದಿನ ಅವನ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ ರ್‍ಯು ತಿರುಗಿ ನೋಡಿ, ವಿನಯದಿಂದ ಬಾಗಿದ.

"ನಾವೆಲ್ಲ ಮೆಕ್ಯಾನಿಕಲ್‌ನವ್ರು. ನೀವು ಮೊದ್ಲಿಂದ್ಲೂ ಫಿಸಿಕ್ಸಾ? ಬನ್ನಿ, ನಮ್ ಪಕ್ಕ ಕೂತ್ಕೊಳ್ಳಿ."

ಆಗ ಇನ್‌ಸು ಗುಡುಗಿದ ಗುಡುಗಿಗೆ ಹೋಟೆಲಿನ ಗಾಜುಗಳು ಪುಡಿಯಾದವು. ತರಗತಿಗೆ ತರಗತಿಯೇ ಅವನ ಕಾಲು ಹಿಡಿದು, ನಮ್ಮ ಕಣ್ಣು ಕುರುಡಾಗಿತ್ತಪ್ಪ ಎಂದು ಗೋಳಾಡಿತು. ಆ ಕಣ್ಣೀರಿಗೆ ಒಲೆಯೇ ಆರಿಹೋಯಿತು...

ನಂಬಲಿಲ್ಲವೇ? ಆಯಿತು, ಸಿಕ್ಕಿಬಿದ್ದೆ. ನಡೆದದ್ದು ಇಷ್ಟು.

"ಹೌದು," ಎಂದ ಇನ್‌ಸು. "ಫಿಸಿಕ್ಸೇ."

ರ್‍ಯು ಸರಿದು ಜಾಗ ಕೊಟ್ಟ. ಮೊದಲ ತುಂಡನ್ನು ಸೊಪ್ಪಿನೆಲೆಯಲ್ಲಿ ಸುತ್ತಿ ಇವನ ಬಾಯಿಗೇ ಇಟ್ಟ. ಇನ್ನು ನಾಳೆ ಬೆಳಿಗ್ಗೆ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಮಾತ್ರ ಇವರ ಯಾರ ಕಣ್ಣಿಗೂ ಬೀಳದಂತೆ ಕೂತಿರಬೇಕು. ಅದು ಅವನಿಗೆ ಚೆನ್ನಾಗಿ ರೂಢಿಯಿತ್ತು.