ಬಾವನ ಗಾಳಿ ಅಂಗಿ

ಬೇರೆಯವರ ಬಾವಂದಿರು ಕೋಪ ಬಂದಾಗ ಉಬ್ಬುತ್ತಾರೆ, ಮಾವನ ಮನೆಯ ಊಟದಲ್ಲಿ ಹೋಳಿಗೆ ಒಂದು ಕಡಿಮೆ ಬಿದ್ದರೆ ಉಬ್ಬುತ್ತಾರೆ. ನಮ್ಮ ಬಾವ ಮೋಟಾರ್ ಸೈಕಲ್ಲಿನಿಂದ ಇಳಿಯುವಾಗ ಉಬ್ಬುತ್ತಿದ್ದರು! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. 'ಬುಸ್' ಎಂದು ಒಂದು ಸದ್ದು. ಅಷ್ಟೇ, ಕಡ್ಡಿಯಂಥ ಮನುಷ್ಯ ಕಣಜದಷ್ಟಾಗಿ, ಎರಡೂ ಕೈ ಪಕ್ಕಕ್ಕೆ ಚಾಚಿಕೊಂಡು, ಕತ್ತು ಆಚೀಚೆ ಹೊರಳಿಸಲಾರದೆ ಸೋಮನೂರಿನ ನಡುಬೀದಿಯಲ್ಲಿ ನಿಂತುಬಿಡುತ್ತಿದ್ದರು. ಎಂಬತ್ತರ ದಶಕದಲ್ಲಿ ಇಂಥದ್ದನ್ನು ನೋಡಿದವರು ಯಾರಿದ್ದಾರೆ ಹೇಳಿ?

ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಕೊಯಮತ್ತೂರಿನ ಸುತ್ತಮುತ್ತಲಿನ ನಮ್ಮಂಥ ಮನೆಗಳಲ್ಲಿ ಕನ್ನಡವೇನಿದ್ದರೂ ಹೊಸ್ತಿಲ ಒಳಗೆ, ದಾಟಿದರೆ ತಮಿಳು. ಮಾತಾಡುವವರು ಎಲ್ಲರೂ, ಓದುವವರು ಮಾತ್ರ ಯಾರೂ ಇಲ್ಲ. ನಾನೊಬ್ಬಳು ಹಟ ಹಿಡಿದು ಅಕ್ಷರ ಕಲಿತೆ. ಬಾವನಿಗೂ ಕಲಿಸಲು ನೋಡಿದೆ. "ನನ್ ಮೇಲೆ ಏನು ಬೇಕಾದ್ರೂ ಬರ್ಕೋ ಅಮ್ಮಣಿ, ನಂಗೆ ಎಲ್ಲಾ ಜಿಲೇಬಿ ಸುತ್ತಿದಂಗೇ ಕಾಣ್ತೈತೆ" ಎಂದು ನಕ್ಕುಬಿಟ್ಟರು. ನಮ್ಮ ಕಡೆ ಚಿಕ್ಕ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಅಮ್ಮಣಿ ಅನ್ನುತ್ತಾರೆ. ನನಗೆ ಮದುವೆಯಾದ ಮೇಲೂ ಬಾವನಿಗೆ ನಾನು ಅಮ್ಮಣಿಯೇ. ಅವರೇ ಅನುಮತಿ ಕೊಟ್ಟ ಮೇಲೆ ನನಗೇನು ಅಡ್ಡಿ?

ಬಾವ ಕೊಯಮತ್ತೂರಿನಲ್ಲಿ ಪಂಪು, ಮೋಟಾರು ಮಾಡುವ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮನೆ ಸೋಮನೂರಿನಲ್ಲಿ, ನಮ್ಮ ಅಪ್ಪನ ಮನೆಯೂ ಅದೇ ಊರಲ್ಲಿ. ದಿನಾ ಮೋಟಾರ್ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದರು. ಯಂತ್ರ ಅಂದರೆ ಊಟ ನಿದ್ದೆ ಬೇಡ. ಅವರ ಮದುವೆಯ ದಿನ ಛತ್ರದ ಗ್ರೈಂಡರ್ ಕೈಕೊಟ್ಟಿತಂತೆ. ಬಾಸಿಂಗ ಕಟ್ಟಿಕೊಂಡ ಮದುಮಗ ಮಂಟಪದಿಂದ ಎದ್ದು ಸೀದಾ ಅಡುಗೆಮನೆಗೆ! ತಾಳಿ ಕಟ್ಟುವ ಹೊತ್ತಿಗೆ ಓಡಿಬಂದರೇನೋ ನಿಜ. "ತಾಳಿ ಕಟ್ಟಿದ ಕೈಯೆಲ್ಲಾ ಉದ್ದಿನ ಹಿಟ್ಟಿನ ವಾಸನೆ ಕಣೇ" ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ವಡೆ ಮಾತ್ರ ಬಹಳ ಚೆನ್ನಾಗಿತ್ತಂತೆ.

ಇಂಥ ಬಾವನಿಗೆ ತಕ್ಕ ಜೊತೆ ಎಂದರೆ ನನ್ನ ಅಣ್ಣ. ಅಕ್ಕನಿಗೆ ತಮ್ಮ, ನನಗೆ ಅಣ್ಣ. ಮನೆಗೆ ಒಬ್ಬನೇ ಗಂಡುಮಗ. ಅಗಲ ಭುಜ, ಎತ್ತರದ ಆಳು. ಬಾವ ಅವನ ಪಕ್ಕ ನಿಂತರೆ ಅವನ ಕೊಡೆಯ ಹಾಗೆ ಕಾಣುತ್ತಿದ್ದರು. ಅವನಿಗೆ ಗಾಡಿ ಓಡಿಸಲು ಕಲಿಸಿದವರೂ ಬಾವನೇ. ಒಂದು ದಿನ ಅಣ್ಣ ಪಲ್ಲಡಂ ರಸ್ತೆಯಲ್ಲಿ ಗಾಡಿಯಿಂದ ಬಿದ್ದ. ಹೆಲ್ಮೆಟ್ ಹಾಕಿದ್ದ, ತಲೆಗೆ ಒಂದು ಗೀರೂ ಆಗಿರಲಿಲ್ಲ. ಕತ್ತಿಗೆ, ಎದೆಗೆ ಬಿದ್ದ ಪೆಟ್ಟಿನಲ್ಲಿ ಹೋಗಿಬಿಟ್ಟ.

ಆಮೇಲೆ ಅಕ್ಕನದು ಒಂದೇ ಮಾತು. "ವಂಡಿ ಮಾರಿಬಿಡಿ. ಬಸ್ಸಲ್ಲಿ ಹೋಗಿ." ವಂಡಿ ಅಂದರೆ ಗಾಡಿ. ಸಂಜೆಯಾದರೆ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ತಿರುವಿನಲ್ಲಿ ಬಾವನ ಗಾಡಿಯ ಸದ್ದು ಕೇಳಿದ ಮೇಲೆಯೇ ಒಲೆ ಹಚ್ಚುವುದು. ಬಾವ ಒಂದು ದಿನ ಸೋತು ಹೇಳಿದರು: "ದೀಪಾವಳಿವರ್ಗೂ ಟೈಮ್ ಕೊಡು. ತಲೆಗೆ ಹೆಲ್ಮೆಟ್ ಐತೆ. ಎದೆಗೇನೈತೆ? ಕತ್ತಿಗೇನೈತೆ? ಅದಕ್ಕೊಂದು ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ವಂಡಿ ಮಾರು, ನಾನು ಬಾಯಿ ತೆಗೆಯಾಕಿಲ್ಲ."

ಏನು ಮಾಡುವುದು ಎಂದು ಅವರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದ್ದು ಮಗ್ಗ. ಸೋಮನೂರಿನಲ್ಲಿ ಮಗ್ಗದ ಶೆಡ್ಡಿಲ್ಲದ ಮನೆ ಎಲ್ಲಿದೆ? ಬಾವನ ಅಣ್ಣತಮ್ಮಂದಿರೂ ಮನೆಯ ಹಿಂದೆ ಪವರ್‌ಲೂಮ್ ಹಾಕಿದ್ದರು. ಒಂದು ಭಾನುವಾರ ಊಟ ಮುಗಿಸಿ ಬಾವ ಮಗ್ಗದ ಮುಂದೆ ನಿಂತಿದ್ದರು. ಹೊಕ್ಕಿನ ನೂಲು ಹರಿಯಿತು, ಓಡುತ್ತಿದ್ದ ಮಗ್ಗ ತನ್ನಷ್ಟಕ್ಕೆ ತಾನೇ ನಿಂತಿತು. ದಿನಾ ನಡೆಯುವುದೇ. ನೂಲು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಿರುವ ಒಂದು ಸಣ್ಣ ಕಡ್ಡಿ ಮಗ್ಗದಲ್ಲೇ ಇರುತ್ತದೆ. ಬಾವ ಮಾತ್ರ ದೇವರು ಪ್ರತ್ಯಕ್ಷವಾದವರಂತೆ ಕೂಗಿಕೊಂಡರು. "ಅಮ್ಮಣೀ! ಒಂದು ನೂಲು ಹೋದ್ರೆ ಮಗ್ಗಕ್ಕೆ ಗೊತ್ತಾಯ್ತದೆ. ಒಂದು ಆಳು ಹೋದ್ರೆ ವಂಡಿಗೆ ಗೊತ್ತಾಗ್ಬಾರ್ದಾ?"

ಅಲ್ಲಿಂದ ಶುರುವಾಯಿತು ನೋಡಿ! ನಮ್ಮ ಕಡೆ ಕಾಡಾ ಅನ್ನುವ, ಬಣ್ಣ ಹಾಕದ ದಪ್ಪ ಬಿಳಿ ಹತ್ತಿಬಟ್ಟೆಯ ತೋಳಿಲ್ಲದ ಅಂಗಿ. ಅದರ ಒಳಗೆ ಕತ್ತಿನ ಸುತ್ತ, ಎದೆಯ ಮೇಲೆ, ಬೆನ್ನುಮೂಳೆಯ ಉದ್ದಕ್ಕೆ ಗಾಳಿಯಿಲ್ಲದೆ ಮಡಿಸಿಟ್ಟ ರಬ್ಬರ್ ಟ್ಯೂಬು. ಸೊಂಟದ ಹತ್ತಿರ, ಮನೆಯಲ್ಲಿ ಸೋಡಾ ಮಾಡುವ ಸೀಸೆಗೆ ಹಾಕುತ್ತಾರಲ್ಲ, ಹೆಬ್ಬೆರಳಿನಷ್ಟಿರುವ ಉಕ್ಕಿನ ಗ್ಯಾಸ್ ಗುಂಡು, ಅಂಥವು ನಾಲ್ಕಾರು. ಪ್ರತಿ ಗುಂಡಿನ ಎದುರಿಗೂ ಸ್ಪ್ರಿಂಗ್ ಕಟ್ಟಿದ ಒಂದು ಸೂಜಿ. ಸೂಜಿಗಳನ್ನೆಲ್ಲಾ ತಡೆದಿಟ್ಟ ಒಂದು ಪಿನ್ನು. ಪಿನ್ನಿನಿಂದ ಹೊರಟ ಹಗ್ಗದ ಇನ್ನೊಂದು ತುದಿ ಗಾಡಿಯ ಸೀಟಿನ ಕೆಳಗೆ. ಸವಾರ ಗಾಡಿಯ ಮೇಲಿರುವಷ್ಟು ಹೊತ್ತು ಹಗ್ಗ ಸಡಿಲ, ಇಳಿಯುವ ಮೊದಲು ನೆನಪಿಟ್ಟು ಬಿಚ್ಚಿಕೊಳ್ಳಬೇಕು. ಅವನು ಎಗರಿ ಬಿದ್ದರೆ ಹಗ್ಗ ಬಿಗಿಯುತ್ತದೆ, ಪಿನ್ನು ಕಿತ್ತುಬರುತ್ತದೆ, ಸೂಜಿ ಚುಚ್ಚುತ್ತದೆ, ಗ್ಯಾಸ್ ನುಗ್ಗುತ್ತದೆ. ನೆಲ ಸಿಗುವುದರೊಳಗೆ ಮೈಸುತ್ತ ಗಾಳಿಯ ಹಾಸಿಗೆ! ಕತ್ತು ಹಿಂದಕ್ಕೆ ಮುರಿಯದಂತೆ ಕಾಲರು ಉಬ್ಬಿ ಹಿಡಿದುಕೊಳ್ಳುತ್ತದೆ. ಆಮೇಲೆ ಗ್ಯಾಸ್ ಮೆಲ್ಲಗೆ ಸೋರಿ ಹೋಗುತ್ತದೆ, ಉಸಿರು ಕಟ್ಟಬಾರದಲ್ಲ. ದೂರದ ದೇಶಗಳಲ್ಲಿ ಯಾರು ಯಾರು ಇದನ್ನು ಯೋಚಿಸಿದ್ದರೋ ನಮಗೆ ತಿಳಿಯದು. ಸೋಮನೂರಿಗೆ ಇದು ಮಗ್ಗದ ಶೆಡ್ಡಿನಿಂದ ಬಂತು.

ಪರೀಕ್ಷೆಗೆ ಮನುಷ್ಯರನ್ನು ಎಸೆಯಲು ಆಗುತ್ತದೆಯೇ? ಬಾವ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ನಾನು ಅಡುಗೆಮನೆಗೆ ಓಡಿದೆ. ಕೊನೆಗೆ ಮಡಕೆ ತಂದರು. ಮಡಕೆಗೆ ಅಂಗಿ ತೊಡಿಸಿ, ಹಗ್ಗವನ್ನು ತಾರಸಿಯ ಕಂಬಕ್ಕೆ ಕಟ್ಟಿ, ಮೇಲಿನಿಂದ ಕೆಳಗೆ ನೂಕುವುದು. ಢಬ್! ಚೂರು. ಮರು ಭಾನುವಾರ ಇನ್ನೊಂದು ಮಡಕೆ. ಢಬ್! ಒಮ್ಮೆ ಪಿನ್ನು ಸಿಕ್ಕಿಕೊಂಡಿತು, ಒಮ್ಮೆ ಟ್ಯೂಬು ಬಿರಿಯಿತು, ಒಮ್ಮೆ ಮಡಕೆ ನೆಲ ಸೇರಿ ಸಮಾಧಾನವಾಗಿ ಒಡೆದ ಮೇಲೆ ಅಂಗಿ ಉಬ್ಬಿತು! ಮಡಕೆ ಮಾರುವ ಅಜ್ಜಿ ಅಕ್ಕನನ್ನು ಮೆಲ್ಲಗೆ ಕರೆದು ಕೇಳಿದಳಂತೆ, ಮನೆಯಲ್ಲಿ ಗಂಡ ಹೆಂಡತಿ ಜಗಳ ಇಷ್ಟು ಜೋರಾ ತಾಯಿ ಎಂದು.

ಆದರೆ ಆ ಒಂದು ಭಾನುವಾರ! ಮಡಕೆ ತಾರಸಿಯಿಂದ ಜಾರಿತು, 'ಬುಸ್' ಎಂದಿತು, ಬಿತ್ತು, ಪುಟಿಯಿತು, ಉರುಳಿ ಬಂದು ನನ್ನ ಕಾಲ ಬುಡದಲ್ಲಿ ನಿಂತಿತು. ಬಾವ ಕೆಳಗಿಳಿದು ಬಂದು ಅಂಗಿ ಬಿಚ್ಚಿ ಮಡಕೆಯನ್ನು ಬೆರಳಲ್ಲಿ ತಟ್ಟಿದರು. ಟಣ್ ಎಂದಿತು. ಬಿರುಕಿಲ್ಲ! ನೇಯುತ್ತಿದ್ದವರೆಲ್ಲ ಮಗ್ಗ ನಿಲ್ಲಿಸಿ ಹೊರಗೆ ಬಂದರು. ಕರೆಂಟು ಹೋದಾಗ ಬಿಟ್ಟು ಆ ಶೆಡ್ಡು ಅಷ್ಟು ಮೌನವಾಗಿದ್ದನ್ನು ನಾನು ಕೇಳಿಲ್ಲ. ಅಕ್ಕ ಮಾತ್ರ ಆ ಮಡಕೆಯನ್ನು ಎತ್ತಿಕೊಂಡು ಒಳಗೆ ಹೋಗಿ ಕುಡಿಯುವ ನೀರು ತುಂಬಿಟ್ಟಳು. "ಮಡಕೆಗೆ ಸರಿ. ಮನುಷ್ಯರಿಗೆ?" ಎಂದಳು.

ಮನುಷ್ಯರಿಗೆ ಅಂತ ಸೋಮನೂರಿನ ದರ್ಜಿಯ ಹತ್ತಿರ ಹೊಲಿಸಿಕೊಂಡು ಬಂದರು ನೋಡಿ, ಅಂಗಿಯೊಳಗೆ ಇನ್ನೊಬ್ಬ ಬಾವ ಹಿಡಿಸುವಷ್ಟು ದೊಗಳೆ! ಭುಜ ಮೊಣಕೈ ಹತ್ತಿರ ಬಂದಿತ್ತು.

"ಯಾರ ಅಳತೆ ಬಾವ ಇದು? ಆನೇದಾ?" ಎಂದೆ.

"ಗಾಳಿ ತುಂಬೋಕೆ ಜಾಗ ಬೇಕಲ್ಲ ಅಮ್ಮಣಿ" ಎಂದು ಮುಖ ತಿರುಗಿಸಿಕೊಂಡರು.

ಇನ್ನು ಬಾವ ಉಬ್ಬಿದ ಕತೆ. ನಮ್ಮವರಲ್ಲಿ ಒಂದು ಪದ್ಧತಿ. ಹಿರಿಯರು ಎದುರಿಗೆ ಸಿಕ್ಕರೆ ಗಾಡಿಯ ಮೇಲೆ ಕೂತು ಮಾತಾಡಿಸಕೂಡದು, ಇಳಿಯಬೇಕು. ಅದರಲ್ಲೂ ಹೆಣ್ಣು ಕೊಟ್ಟ ಮಾವ ಕಂಡರಂತೂ ಅಳಿಯ ಗಾಡಿ ನಿಲ್ಲುವ ಮೊದಲೇ ಇಳಿದಿರಬೇಕು. ಬಾವ ಹೊಸ ಅಂಗಿ ತೊಟ್ಟು ಹೊರಟ ಮೊದಲ ದಿನ ಬಸ್ ಸ್ಟಾಪಿನಲ್ಲಿ ನಮ್ಮ ಅಪ್ಪ ನಿಂತಿದ್ದಾರೆ! ಬಾವನಿಗೆ ಮರ್ಯಾದೆ ನೆನಪಾಯಿತು, ಹಗ್ಗ ಮರೆತುಹೋಯಿತು. ಒಂದೇ ನೆಗೆತ.

ಬುಸ್!

ಕಾಲರು ಗಲ್ಲವನ್ನು ಆಕಾಶಕ್ಕೆ ಎತ್ತಿಬಿಟ್ಟಿತು. ಕೈ ಮುಗಿಯಲು ಹೋದರೆ ಎರಡು ಕೈ ಒಂದಕ್ಕೊಂದು ಎಟುಕುತ್ತಿಲ್ಲ. ಅಪ್ಪ ಹೆದರಿ ನಾಲ್ಕು ಹೆಜ್ಜೆ ಹಿಂದೆ ಹೋದರು. "ಅಳಿಯಂದ್ರೇ, ಏನಾಯ್ತು? ಜೇನು ಕಚ್ತಾ?" ಎಂದರು.

"ಚೆನ್ನಾಗಿದೀರಾ ಮಾವ?" ಎಂದು ಬಾವ ಆಕಾಶವನ್ನು ಕೇಳಿದರು.

ಒಂದು ದಿನ ಆದರೆ ಸರಿ. ಆದರೆ ರಕ್ತದಲ್ಲಿ ಬಂದ ಮರ್ಯಾದೆ ಎಲ್ಲಿಗೆ ಹೋಗುತ್ತದೆ? ಅಪ್ಪನನ್ನು ಕಂಡಾಗೆಲ್ಲ ನೆಗೆತ, ನೆಗೆದಾಗೆಲ್ಲ ಬುಸ್. ಸೋಮನೂರಿನ ಮಕ್ಕಳು ಅಪ್ಪ ಪೇಟೆಗೆ ಹೊರಟರೆ ಹಿಂದೆಯೇ ಬರತೊಡಗಿದವು, ಅಳಿಯ ಉಬ್ಬುವುದನ್ನು ನೋಡಬೇಕಲ್ಲ! ಅಂಗಿಗೆ ಗುಂಡು ತುಂಬಿಸಿ ತುಂಬಿಸಿ ಬಾವ ಸುಸ್ತಾದರು. ಕೊನೆಗೆ ಇದಕ್ಕೆ ಪರಿಹಾರ ಕಂಡುಹಿಡಿದವರು ಬಾವ ಅಲ್ಲ, ಅಪ್ಪ. ಬಾವನ ಗಾಡಿಯ ಸದ್ದು ಕೇಳಿದ ಕೂಡಲೇ ಆ ಹಿರಿಯ ಜೀವ ಪಂಚೆ ಎತ್ತಿ ಹಿಡಿದು ಬಸ್ ಸ್ಟಾಪಿನ ಬೇವಿನ ಮರದ ಹಿಂದೆ ಅಡಗಿ ನಿಲ್ಲುತ್ತಿದ್ದರು. ಅಳಿಯ ಕ್ಷೇಮವಾಗಿ ದಾಟಿಹೋದ ಮೇಲೆ ಈಚೆ ಬಂದು ಟವೆಲ್ ಕೊಡವಿಕೊಳ್ಳುವುದು. ನಾನು ನಕ್ಕರೆ, "ನಗ್ಬೇಡ. ಒಬ್ಬನ್ನ ಕಳ್ಕೊಂಡಿದೀನಿ. ಇವರಾದ್ರೂ ನಿಲ್ದಂಗೆ ಮನೆ ಸೇರ್ಲಿ" ಎಂದರು. ನಾನು ಮತ್ತೆ ನಗಲಿಲ್ಲ.

ದೀಪಾವಳಿಗೆ ಇನ್ನು ಕೆಲವೇ ದಿನ ಇತ್ತು. ನಾನು ಆಗ ಕೊಯಮತ್ತೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಬಸ್ಸಿನಲ್ಲಿ ಅಕ್ಕನ ಮನೆಗೆ ಹೊರಟಿದ್ದೆ. ಹಬ್ಬದ ಬಟ್ಟೆಯ ಗಂಟುಗಳ ನಡುವೆ ಕಿಟಕಿಯ ಪಕ್ಕ ಹೇಗೋ ಜಾಗ ಸಿಕ್ಕಿತ್ತು. ಸೂಲೂರು ದಾಟಿದ ಮೇಲೆ ಬಾವ ನಮ್ಮ ಬಸ್ಸನ್ನು ಹಿಂದೆ ಹಾಕಿದರು. ಕಿಟಕಿಯಲ್ಲಿ ನನ್ನನ್ನು ಕಂಡು ಕೈ ಬೀಸಿದರು. ಸೊಂಟದಿಂದ ಸೀಟಿಗೆ ಇಳಿಬಿದ್ದ ಹಗ್ಗ ಗಾಳಿಗೆ ಆಡುತ್ತಿತ್ತು.

ಹೊಲದ ಕಡೆಯಿಂದ ಒಂದು ಕರು ರಸ್ತೆಗೆ ನುಗ್ಗಿತು. ಬಾವ ತಿರುಗಿಸಿದರು. ಮುಂದಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ಬಡಿದು ನಿಂತೇಹೋಯಿತು. ಗಾಡಿ ನಿಂತಿತು, ಬಾವ ನಿಲ್ಲಲಿಲ್ಲ. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ನನಗೆ ನೆನಪಿರುವುದು ಹಗ್ಗ. ಅದು ಗೆರೆ ಎಳೆದ ಹಾಗೆ ಬಿಗಿಯಿತು. ಬಾವ ಇನ್ನೂ ಗಾಳಿಯಲ್ಲೇ ಇದ್ದರು, ಸಂಜೆಯ ಬಿಸಿಲಿನಲ್ಲಿ ಆ ಬಿಳಿಯ ಅಂಗಿ ಅರಳಿತು. ಎಷ್ಟು ಹೊತ್ತು ಅಂತೀರಿ? ನಾನು ಕಣ್ಣು ಮಿಟುಕಿಸಿದ್ದರೆ ಕಾಣುತ್ತಲೇ ಇರಲಿಲ್ಲ! ರಸ್ತೆಗೆ ಬಡಿದದ್ದು ಅವರ ಎದೆಯಲ್ಲ, ಗಾಳಿ. ಪುಟಿದರು, ಎರಡು ಸುತ್ತು ಉರುಳಿದರು, ಹುಣಿಸೆಮರದ ಬುಡಕ್ಕೆ ಬೆನ್ನು ಕೊಟ್ಟು ಬಿದ್ದುಕೊಂಡರು. ಆ ಬೆನ್ನಿಗೂ ಮರಕ್ಕೂ ನಡುವೆ ಒಂದು ಗೇಣು ಗಾಳಿ. ಆ ಒಂದು ಗೇಣಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಸ್ಸು ನಿಂತಿತು. ಮೊದಲು ಓಡಿದ ಕಂಡಕ್ಟರು ಆ ಬಿಳಿಯ ಉಂಡೆಯ ಮುಂದೆ ಬಾಯಿಬಿಟ್ಟು ನಿಂತು, "ಉಳ್ಳೆ ಆಳು ಇರ್ಕಾ?" ಎಂದು ಕೂಗಿದ. ಒಳಗೆ ಮನುಷ್ಯ ಇದ್ದಾನಾ ಅಂತ!

ಒಳಗಿನಿಂದ ಕನ್ನಡದಲ್ಲಿ ಉತ್ತರ ಬಂತು. "ಅಮ್ಮಣಿ, ಕರುಗೆ ಏನೂ ಆಗ್ಲಿಲ್ವಲ್ಲ? ಉಬ್ಬಿದ್ದು ನೋಡ್ದ್ಯಾ? ನೆಲ ಸಿಗೋಕೆ ಮುಂಚೇನೇ ಅಲ್ವಾ?"

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ತಿಳಿಯದು. "ಮುಂಚೇನೇ ಬಾವ, ಮುಂಚೇನೇ" ಎಂದೆ.

ಬಲಗೈ ಮಣಿಕಟ್ಟು ಮುರಿದಿತ್ತು, ಮೊಣಕಾಲು ತರಚಿತ್ತು. ಕತ್ತಿಗೆ ಎದೆಗೆ ಏನೂ ಇಲ್ಲ. ಆಸ್ಪತ್ರೆಯ ಡಾಕ್ಟರು ಮತ್ತೆ ಮತ್ತೆ ಎದೆ ತಟ್ಟಿ ನೋಡಿದರು, ಬಾವ ಆ ಮಡಕೆ ತಟ್ಟಿದ ಹಾಗೆಯೇ.

ಮರುದಿನ ಅಕ್ಕ ಅಳಲಿಲ್ಲ, ಬಯ್ಯಲಿಲ್ಲ, ಗಾಡಿಯ ಸುದ್ದಿಯನ್ನೇ ಎತ್ತಲಿಲ್ಲ. ಅಂಗಿ ಪಾಸಾಯಿತು, ಗಾಡಿ ಮಾತ್ರ ಮನೆಯಲ್ಲಿ ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬಿದ್ದ ಗಾಡಿಯನ್ನು ಯಾವ ಹೆಂಗಸು ಮನೆಯಲ್ಲಿ ಇಟ್ಟುಕೊಳ್ಳುತ್ತಾಳೆ? ಬಾವ ಕೈಗೆ ಕಟ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಅಪ್ಪ. ಆಗ ದರ್ಜಿ ನೋಡಲು ಬಂದ. ಹರಿದ ಅಂಗಿಯನ್ನು ತಿರುವಿ ಮುರುವಿ ನೋಡಿ, ಇದು ಇನ್ನು ಆಗುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದ. ಹೊಸದು ಹೊಲಿಯುವುದಾದರೆ ಈ ಸಲವಾದರೂ ಸಾರ್ ಮೈಯಳತೆಗೆ ಹೊಲಿಯುತ್ತೇನೆ, ಅವತ್ತೇ ಹೇಳಿದೆ, ಕೇಳಲಿಲ್ಲ, ಅಳತೆಗೆ ಎಂದು ಕೊಟ್ಟ ಅಂಗಿಯನ್ನೂ ವಾಪಸ್ ಒಯ್ಯಲಿಲ್ಲ ಎನ್ನುತ್ತ ಚೀಲದಿಂದ ಒಂದು ಅಂಗಿ ತೆಗೆದು ಜಗಲಿಯ ಮೇಲಿಟ್ಟ.

ನೀಲಿ ಚೌಕಳಿ ಅಂಗಿ. ಅಗಲವಾದ ಭುಜ. ಕಾಲರಿನ ಗುಂಡಿಗೆ ಮಾತ್ರ ಬಿಳಿಯ ದಾರ. ನೀಲಿ ದಾರ ಸಿಗದೆ ಅಕ್ಕನೇ ಹಾಕಿದ್ದ ಗುಂಡಿ ಅದು. ನನ್ನ ಅಣ್ಣನ ಅಂಗಿ.

ಬಾವ ತಲೆ ಎತ್ತಲಿಲ್ಲ. "ಮೊದ್ಲು ಅವನಿಗಲ್ವಾ ಮಾಡ್ಬೇಕಿತ್ತು" ಎಂದರು. "ವಂಡಿ ಕಲಿಸ್ದೋನು ನಾನು. ಅದು ಅವನ್ದೇ. ನಾನು ಸುಮ್ನೆ ಹಾಕ್ಕೊಂಡು ನೋಡ್ತಿದ್ದೆ."

ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ದಿನ ದೊಗಳೆ ಎಂದು ನಕ್ಕವಳು ನಾನು. ಅಕ್ಕ ಅಂಗಿಯನ್ನು ಎತ್ತಿಕೊಂಡಳು. ಭುಜದ ಮಡಿಕೆಯನ್ನು ಬೆರಳಲ್ಲಿ ನೇವರಿಸಿದಳು, ಆ ಬಿಳಿಯ ದಾರವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಿಯನ್ನು ನೀಟಾಗಿ ಮಡಿಸಿ ದರ್ಜಿಯ ಕೈಗೇ ವಾಪಸ್ ಕೊಟ್ಟಳು.

"ಈ ಅಳತೇಗೇ ಹೊಲೀರಿ" ಎಂದಳು. "ಇವರಿಗೆ ದೊಗಳೆ ಆದ್ರೆ ಆಗ್ಲಿ. ಇಬ್ರೂ ಹೋಗಿ ಇಬ್ರೂ ಬರ್ಲಿ."

ತಮಿಳಿನವನ ಹತ್ತಿರ ಕನ್ನಡದಲ್ಲಿ ಹೇಳುತ್ತಿದ್ದೇನೆಂಬುದು ಅವಳಿಗೆ ಹೊಳೆಯಲೇ ಇಲ್ಲ. ದರ್ಜಿಯೂ ಏನೆಂದು ತಿರುಗಿ ಕೇಳಲಿಲ್ಲ. ಅಂಗಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಚೀಲದಲ್ಲಿ ಇಟ್ಟುಕೊಂಡ.