ಒದ್ದೆ ಪಂಚೆಯ ಶೋಕ

ಚೀನದ ಮುಖಂಡರು ತೀರಿಕೊಂಡ ಸುದ್ದಿ ಪ್ರೊಫೆಸರ್ ಯೋಗಾನರಸಿಂಹ ಅವರಿಗೆ ಮುಟ್ಟಿದ್ದು ಮಂಡ್ಯದ ಗುತ್ತಲಿನಲ್ಲಿ, ಅವರ ಮನೆಯ ಬಾವಿಕಟ್ಟೆಯ ಬಳಿ. ೧೯೭೬ನೆಯ ಇಸವಿ, ಸೆಪ್ಟೆಂಬರ್ ಹತ್ತು. ಪಿತೃಪಕ್ಷ ಆಗತಾನೆ ಹಿಡಿದಿತ್ತು. ಸುದ್ದಿ ಹಿಂದಿನ ದಿನವೇ ಲೋಕಕ್ಕೆಲ್ಲ ತಿಳಿದಿತ್ತು. ಬಾಗಿಲು ಹಾಕಿಕೊಂಡು ಚೀನದ ಬಗ್ಗೆ ವರದಿ ಬರೆಯುತ್ತಿದ್ದ ತಜ್ಞರೊಬ್ಬರಿಗೆ ಮಾತ್ರ ತಿಳಿದಿರಲಿಲ್ಲ.

ಅವರು ವಿಶ್ವವಿದ್ಯಾನಿಲಯದ ಏಷ್ಯಾ ಅಧ್ಯಯನ ಕಾರ್ಯಕ್ರಮದ ಮುಖ್ಯಸ್ಥರು. ಆರು ವರ್ಷದ ಹಿಂದೆ ಅದನ್ನು ಹುಟ್ಟಿಸಿದವರೂ ಅವರೇ. ಚೀನದ ರಾಜಕೀಯ ಅರ್ಥಶಾಸ್ತ್ರ ಅವರ ಸಂಶೋಧನೆಯ ವಿಷಯ. ಚೀನದ ಕಡೆಗೆ ಅವರು ಹೋಗಿದ್ದ ಅತಿ ದೂರದ ಜಾಗವೆಂದರೆ ಬೆಂಗಳೂರಿನ ಚೀನೀ ದಂತವೈದ್ಯನ ಕುರ್ಚಿ. "ಅಲ್ಲೂ ಬಾಯಿ ತೆರೆದುಕೊಂಡು ಕೂತಿದ್ದೆನೇ ಹೊರತು ಒಂದು ಪ್ರಶ್ನೆ ಕೇಳೋಕಾಗಲಿಲ್ಲ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಅಂದು ಹನ್ನೊಂದು ಗಂಟೆಗೆ ದೆಹಲಿಯ ಪರಿಶೀಲನಾ ಸಮಿತಿ ವಿಶ್ವವಿದ್ಯಾನಿಲಯಕ್ಕೆ ಬರುವುದಿತ್ತು. ನಾಲ್ಕೇ ವಿದ್ಯಾರ್ಥಿಗಳಿದ್ದ ಆ ಕಾರ್ಯಕ್ರಮವನ್ನು ಉಳಿಸಬೇಕೋ ಮುಚ್ಚಬೇಕೋ ಎಂಬುದು ಇವರ ವರದಿಯನ್ನು ಕೇಳಿದ ಮೇಲೆ ತೀರ್ಮಾನವಾಗಬೇಕಿತ್ತು.

ತುಂಬಿದ ಬಕೀಟನ್ನು ಎತ್ತಿ ಎತ್ತರದ ತೊಟ್ಟಿಗೆ ಸುರಿಯುವ ಹೊತ್ತಿಗೆ ಕಟ್ಟೆಯ ಮೇಲಿನ ಟ್ರಾನ್ಸಿಸ್ಟರು ಸುದ್ದಿ ಹೇಳಿತು. ಬಕೀಟು ಕೈಯಲ್ಲೇ ಮಗುಚಿ ನೀರೆಲ್ಲ ತಲೆಯ ಮೇಲೆ ಬಿತ್ತು. ಪಂಚೆ, ಬನಿಯನ್ನು, ಜನಿವಾರ ಎಲ್ಲ ತೊಯ್ದು, ಮಳೆಗೆ ಸಿಕ್ಕಿದ ಕೋಳಿಯಂತೆ ನಿಂತರು.

ಗೋಡೆಯಾಚೆಯಿಂದ ಪಕ್ಕದ ಮನೆಯ ಪಂಕಜಮ್ಮ ನೋಡಿದರು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳುವುದು ಆ ಕೇರಿಯ ಆಚಾರ. ಯೋಗಾನರಸಿಂಹ ಅವರ ಹೆಂಡತಿ ಗೋದಮ್ಮ ಬೇರೆ, ತಂದೆಗೆ ಮೈ ಸರಿಯಿಲ್ಲವೆಂದು ಮದ್ದೂರಿನ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು.

"ಅಯ್ಯೋ, ದೊಡ್ಡವರು ಹೋಗ್ಬಿಟ್ರಾ?" ಎಂದರು ಪಂಕಜಮ್ಮ.

"ಹೋಗ್ಬಿಟ್ರು ಪಂಕಜಮ್ಮ. ಹತ್ತು ವರ್ಷದಿಂದ ಅವರನ್ನೇ ನಂಬಿಕೊಂಡಿದ್ದೆ."

ಚೀನದ ವಿಷಯ ಪಂಕಜಮ್ಮನವರಿಗೂ ತಿಳಿದಿದೆಯಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂತು. ಒಳಗೆ ಹೋಗಿ, ಪಂಚೆ ಬದಲಾಯಿಸುವುದನ್ನೂ ಮರೆತು ವರದಿಯನ್ನು ತಿದ್ದಲು ಕುಳಿತರು. ನೂರ ಹನ್ನೆರಡು ಪುಟಗಳಲ್ಲಿ 'ಹೇಳುತ್ತಾರೆ' ಎಂದಿದ್ದಲ್ಲೆಲ್ಲ 'ಹೇಳುತ್ತಿದ್ದರು' ಎಂದು ಮಾಡಬೇಕಿತ್ತು. ಮೂರನೆಯ ಪುಟ ಮುಗಿಯುವಷ್ಟರಲ್ಲಿ, ಪಂಕಜಮ್ಮನವರಿಂದ ಸುದ್ದಿ ಕೇಳಿದ ಕಬ್ಬಿನ ಬೆಳೆಗಾರ ದೇವಯ್ಯ ಬಂದು ನೆಲದ ಮೇಲೆ ಕುಳಿತ.

"ಎಸ್ಟು ವರ್ಸಾಗಿತ್ತು ಮೇಷ್ಟ್ರೇ?"

"ಎಂಬತ್ತೆರಡು."

"ತುಂಬಿದ ವಯ್ಸು ಬುಡಿ. ಜಮೀನು ಗಿಮೀನು ಭಾಗ ಆಗಿತ್ತಾ?"

ಹಳ್ಳಿಯ ರೈತ ಚೀನದ ಭೂಸುಧಾರಣೆಯ ಬಗ್ಗೆ ಕೇಳುವ ಕಾಲ ಬಂತಲ್ಲ ಎಂದು ಯೋಗಾನರಸಿಂಹ ಹಿಗ್ಗಿದರು. "ಮೊದಲು ಎಲ್ಲರಿಗೂ ಹಂಚಿದರು ದೇವಯ್ಯ. ಆಮೇಲೆ ಕೆಲವೇ ವರ್ಷದಲ್ಲಿ ವಾಪಸು ತಗೊಂಡು ಒಟ್ಟು ಮಾಡಿಬಿಟ್ಟರು. ಅಡಿಗೆ ಕೂಡ ಒಂದೇ ಒಲೇಲಿ."

"ಅಯ್ಯಯ್ಯೋ, ಕೊಟ್ಟು ಕಿತ್ಕಂಡ್ರಾ! ಯಾರೂವೆ ಕೇಳ್ನಿಲ್ವಾ?"

"ಕೇಳಿದವರನ್ನ ಹೊಲ ಗೇಯೋಕೆ ಕಳಿಸಿದರು. ಈಗ ನೋಡು, ಹೆಂಡತಿ ಒಂದು ಕಡೆ, ಹಳಬರು ಒಂದು ಕಡೆ. ಯಜಮಾನಿಕೆಗೆ ಕಿತ್ತಾಟ ಶುರುವಾಗುತ್ತೆ."

"ಎಲ್ಲಾರ್ ಮನೇಲೂ ಇದೇ ಪಾಡು ಕಣೇಳಿ. ಅಯ್ನೋರು ಬೋ ಸಾಧು ಅಂದ್ಕಂಡಿದ್ದೆ" ಎಂದು ದೇವಯ್ಯ ಟವಲಿನಿಂದ ಕಣ್ಣೊರೆಸಿಕೊಂಡ. "ಏಳಿ, ನಮ್ಮ ಬೆಲ್ಲದ ವ್ಯಾನು ನಿಂತದೆ. ಕರ್ಕಂಡೋಯ್ತೀನಿ."

"ಹನ್ನೊಂದಕ್ಕೆ ಅಲ್ಲಿರಬೇಕು ದೇವಯ್ಯ."

"ಅತ್ತಕ್ಕೇ ಇರ್ತೀರಿ ಕುಂತ್ಕಳಿ."

ವ್ಯಾನಿನೊಳಗೆ ಆಗಲೇ ಪಂಕಜಮ್ಮ, ಇನ್ನೂ ಐದು ಮಂದಿ ಹೆಂಗಸರು, ಎಳ್ಳು ದರ್ಭೆಯ ಚೀಲ ಹಿಡಿದ ಪುರೋಹಿತ ಚಲುವನಾರಾಯಣ ಕುಳಿತಿದ್ದರು. "ಇಂಥ ದಿನ ನಿಮ್ಮನ್ನ ಒಂಟಿಯಾಗಿ ಕಳಿಸ್ತೀವಾ?" ಎಂದರು ಪಂಕಜಮ್ಮ. ಇಡೀ ಗುತ್ತಲು ಏಷ್ಯಾ ಅಧ್ಯಯನದ ಬೆನ್ನಿಗೆ ನಿಂತಿದೆಯೆಂದು ಯೋಗಾನರಸಿಂಹ ಎಲ್ಲರಿಗೂ ಕೈ ಮುಗಿದರು. ಬೆಲ್ಲದ ಅಂಟಿನ ಮೇಲೆ ಕುಳಿತು, ತಲೆ ತಗ್ಗಿಸಿ 'ಹೇಳುತ್ತಾರೆ'ಗಳನ್ನು ಹೊಡೆದುಹಾಕುತ್ತ ಹೋದರು. ವಿಶ್ವವಿದ್ಯಾನಿಲಯವಿದ್ದದ್ದು ಮಂಡ್ಯದ ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಮುಖಕ್ಕೇ ಹೊಡೆಯುತ್ತಿದ್ದರೂ, ಪೂರ್ವ ದೇಶಗಳ ವಿದ್ವಾಂಸರಿಗೆ ತಾವು ಪೂರ್ವಕ್ಕೆ ಹೋಗುತ್ತಿದ್ದೇವೆಂದು ಹೊಳೆಯಲಿಲ್ಲ.

ವ್ಯಾನು ನಿಂತಿತು. ಹೆಂಗಸರು ಧುಮುಕಿ ಗೊಳೋ ಎಂದು ಅತ್ತರು. ಯೋಗಾನರಸಿಂಹ ತಲೆಯೆತ್ತಿ ನೋಡಿದರೆ ಎದುರಿಗಿದ್ದದ್ದು ಮದ್ದೂರಿನ ಮಾವನ ಮನೆ. ಜಗಲಿಯ ಮೇಲೆ ಮಾವ ಪಾರ್ಥಸಾರಥಿ ಶಾಲು ಹೊದ್ದು ಮೆಣಸಿನ ಕಷಾಯ ಕುಡಿಯುತ್ತಿದ್ದರು.

"ಏನು ಅಳಿಯಂದಿರೇ, ನನಗೆ ಬಂದಿರೋದು ನೆಗಡಿ. ಅಷ್ಟಕ್ಕೆ ಕೇರಿಗೆ ಕೇರೀನೇ ಕರಕೊಂಡು ಬಂದ್ರಾ?"

ಅಳು ಗಕ್ಕನೆ ನಿಂತಿತು. ಚಲುವನಾರಾಯಣ ಎಳ್ಳಿನ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಬಾಗಿಲಿಗೆ ಬಂದ ಗೋದಮ್ಮ ಗಂಡನ ಮುಖ ನೋಡಿ, "ನೀವೇನು ಮಾಡಿದ್ರಿ ಅಂತ ನಾನು ಕೇಳಲ್ಲ. ಒಳಗೆ ಬಂದು ಪಂಚೆ ಬದಲಾಯಿಸಿ" ಎಂದರು. ಅಷ್ಟರಲ್ಲಿ ವ್ಯಾನು ಬೆಲ್ಲ ತುಂಬಲು ಭಾರತೀನಗರದ ಕಡೆಗೆ ಹೊರಟುಹೋಗಿತ್ತು.

ದೇವಯ್ಯ ಸಮಾಧಾನ ಹೇಳಿದ. "ದಿಗಿಲ್ ಬೀಳ್ಬೇಡಿ ಮೇಷ್ಟ್ರೇ. ಮಾವ್ನೋರು ಓಗ್ಬುಟ್ಟವ್ರೆ, ಇವತ್ತು ಬರಾಕಿಲ್ಲ ಅಂತ ನಿಮ್ಮಾಪೀಸ್ಗೆ ಬೆಳಗ್ಗೇನೆ ಪೋನ್ ಮಾಡ್ಸಿವ್ನಿ."

ಯೋಗಾನರಸಿಂಹ ಅಂಚೆ ಕಚೇರಿಗೆ ಓಡಿದರು. ಟ್ರಂಕ್ ಕಾಲ್ ಸಿಕ್ಕಿದ್ದು ಹನ್ನೆರಡೂವರೆಗೆ. ಆ ಕಡೆ ಇದ್ದವನು ಅವರ ಗುಮಾಸ್ತ ಶಿವಯ್ಯ.

"ಸಮಿತಿಯವರು ಹೊರಟುಹೋದ್ರು ಸಾರ್. ನಿಮ್ಮ ಮಾವನೋರಿಗಾಗಿ ಎರಡು ನಿಮಿಷ ಎದ್ದು ನಿಂತಿದ್ರು."

"ಕಾರ್ಯಕ್ರಮ ಏನಾಯ್ತು ಶಿವಯ್ಯ?"

"ಮುಚ್ಚೋದು ಅಂತ ಬರೆದ್ರು ಸಾರ್. ಚೀನದ ಮುಖಂಡರೇ ಹೋಗಿರೋ ಹೊತ್ತಲ್ಲಿ, ಮಾವ ಸತ್ತ ಅಂತ ಮನೇಲಿ ಕೂತಿರೋರಿಗೆ ಆ ದೇಶದ ಮೇಲೆ ಎಷ್ಟು ಅಕ್ಕರೆ ಇದ್ದೀತು ಅಂದ್ರು."

ಯೋಗಾನರಸಿಂಹ ಫೋನು ಇಟ್ಟು ನಕ್ಕರು. ಆಮೇಲೆ ಅತ್ತರು. ನಾಲ್ಕು ವಿದ್ಯಾರ್ಥಿಗಳ ಮುಖ ಕಣ್ಣ ಮುಂದೆ ಬಂತು.

ಅಂಚೆ ಕಚೇರಿಯಿಂದ ಹೋಗಿ ಶಿಂಷಾ ಹೊಳೆಯ ದಡದಲ್ಲಿ ಕೂತಿದ್ದ ಅವರನ್ನು ಹುಡುಕಿಕೊಂಡು ಬಂದವರು ಚಲುವನಾರಾಯಣ. "ಪಿತೃಪಕ್ಷ. ಸಂಕಲ್ಪ ಮಾಡಿ ತಂದ ಎಳ್ಳನ್ನ ವಾಪಸು ಒಯ್ಯಬಾರದು ಸ್ವಾಮಿ. ಯಾರಾದರೂ ಬೇಕಾದವರು ಹೋಗಿದ್ದರೆ ಹೇಳಿ."

"ಈಗತಾನೆ ಒಬ್ಬರು ಹೋದರು" ಎಂದು ಯೋಗಾನರಸಿಂಹ ನೀರಿಗಿಳಿದರು. ಬೆಳಗ್ಗೆ ಒದ್ದೆಯಾದ ಪಂಚೆ ಇನ್ನೊಮ್ಮೆ ಒದ್ದೆಯಾಯಿತು.

"ಹೆಸರು?"

"ಏಷ್ಯಾ ಅಧ್ಯಯನ ಕಾರ್ಯಕ್ರಮ."

ಚಲುವನಾರಾಯಣ ಅವರ ಮುಖವನ್ನೇ ನೋಡಿದರು. "ವಯಸ್ಸು?" ಎಂದರು ಮೆಲ್ಲಗೆ.

"ಆರು."

"ಮುಂಜಿಯಾಗದ ಮಗು. ಹಾಗಾದರೆ ಮೂರು ದಿನದ ಸೂತಕ ಸಾಕು. ಗೋತ್ರ ತಿಳಿಯದವರಿಗೆ ಕಾಶ್ಯಪ."

ಯೋಗಾನರಸಿಂಹ ಕರಿಯೆಳ್ಳಿನ ನೀರು ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದರು. ಸ್ವಾಮಿ ನರಸಿಂಹ, ನನ್ನ ಕೈಯಲ್ಲಿ ಬೆಳೆದ ಈ ಕೂಸಿಗೆ ಸದ್ಗತಿ ಕೊಡು. ದೂರದೇಶದ ಆ ಮುದುಕನಿಗೂ, ಅವನ ಕಾಲದಲ್ಲಿ ಹಸಿದು ಸತ್ತವರಿಗೂ ಶಾಂತಿ ಕೊಡು. ಈ ಕೂಸು ಮತ್ತೆ ಹುಟ್ಟುವುದಾದರೆ, ವೇಳೆಗೆ ಸರಿಯಾಗಿ ರೇಡಿಯೋ ಕೇಳುವ ತಂದೆಯ ಮನೆಯಲ್ಲಿ ಹುಟ್ಟಲಿ.